ಜಾಡಿಯೊಳಗೊಂದು ಕೆರೆ

ಕೆರೆಯಂಚಿನ ನೀರನ್ನು ಅಗಲ ಬಾಯಿಯ ಗಾಜಿನ ಜಾಡಿಗೆ ತುಂಬಿ, ತಳಕ್ಕೆ ಒಂದಿಷ್ಟು ಹೂಳು, ಮೇಲೆ ಎರಡೆಳೆ ನೀರುಗಿಡ ಹಾಕಿ ಕಿಟಕಿಯ ಬಳಿ ಇಟ್ಟರೆ ಸೂಕ್ಷ್ಮಜೀವಿಗಳ ಅಕ್ವೇರಿಯಂ ಸಿದ್ಧ. ಮೀನಿನ ತೊಟ್ಟಿಗೆ ಬೇಕಾಗುವ ಪಂಪು, ಫಿಲ್ಟರು, ಆಹಾರದ ಡಬ್ಬಿ ಇದಕ್ಕೆ ಬೇಡ. ಗಿಡವೂ ಪಾಚಿಯೂ ಬೆಳಕಿನಿಂದ ಆಹಾರ ತಯಾರಿಸಿ ಆಮ್ಲಜನಕ ಬಿಡುತ್ತವೆ. ಕೊಳೆತ ಎಲೆಯ ಮೇಲೆ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದನ್ನು ಏಕಕೋಶಜೀವಿಗಳು ತಿನ್ನುತ್ತವೆ, ಅವನ್ನು ಇನ್ನಷ್ಟು ದೊಡ್ಡವು ತಿನ್ನುತ್ತವೆ.

ನೀರನ್ನು ಎಲ್ಲಿಂದ ತರುತ್ತೇವೆ ಎಂಬುದು ಮುಖ್ಯ. ಕೆರೆಯ ನಡುವಿನ ತಿಳಿನೀರಿಗಿಂತ ಅಂಚಿನ ಜೊಂಡಿನ ಬುಡ, ಅಂತರಗಂಗೆಯ ಬೇರು, ತೂಬಿನ ಕಲ್ಲಿಗೆ ಅಂಟಿದ ಪಾಚಿ ಇವುಗಳಲ್ಲೇ ಜೀವಿಗಳು ದಟ್ಟವಾಗಿರುತ್ತವೆ. ಬೇರನ್ನು ಬಾಟಲಿಯೊಳಗೆ ಅಲುಗಾಡಿಸಿ ಹಿಂಡಿದರೆ ಸಾಕು. ಸಾಬೂನು ನೀರು, ಚರಂಡಿ ನೀರು ಸೇರುವ ಜಾಗ ಬೇಡ. ಬೇಸಿಗೆಯಲ್ಲಿ ಕೆರೆ ಬತ್ತಿದ್ದರೂ ನಿರಾಶೆಯಾಗಬೇಕಿಲ್ಲ. ಬಿರುಕುಬಿಟ್ಟ ಮಣ್ಣಿನಲ್ಲಿ ನೀರುಚಿಗಟವೆಂಬ ಪುಟ್ಟ ಜೀವಿಯ ಗಟ್ಟಿ ಕವಚದ ಮೊಟ್ಟೆಗಳು ಒಣಗಿಯೇ ಕಾದಿರುತ್ತವೆ. ಸೂಕ್ಷ್ಮಪ್ರಾಣಿಗಳಾದ ಕೆಲವು ಬಗೆಯ ರೋಟಿಫರ್‌ಗಳಂತೂ ಮೈಯ ನೀರನ್ನೆಲ್ಲ ಕಳೆದುಕೊಂಡು ಮುದುಡಿ ಮಲಗಿರುತ್ತವೆ. ಅಂಥ ಹೆಂಟೆಯೊಂದನ್ನು ಮಳೆನೀರಿನಲ್ಲಿ ನೆನೆಹಾಕಿದರೆ ಕೆಲವೇ ದಿನಗಳಲ್ಲಿ ನೀರಿನಲ್ಲಿ ಚಲನೆ ಕಾಣಬಹುದು. ಮೊದಲ ಮಳೆಗೆ ಕೆರೆ ಮತ್ತೆ ಜೀವಂತವಾಗುವ ಬಗೆಯನ್ನು ಇದಕ್ಕಿಂತ ಹತ್ತಿರದಿಂದ ತೋರಿಸುವ ಪ್ರಯೋಗ ಮತ್ತೊಂದಿಲ್ಲ.

ಜಾಡಿಯನ್ನು ಕಂಠದವರೆಗೆ ತುಂಬಬಾರದು. ಗಾಳಿಗೆ ಜಾಗ ಬೇಕು. ನೇರ ಬಿಸಿಲು ಬಿದ್ದರೆ ನೀರು ಕಾದು ಜೀವಿಗಳು ಸಾಯುತ್ತವೆ. ಆವಿಯಾದಷ್ಟು ನೀರನ್ನು ಮಳೆನೀರಿನಿಂದಲೋ ಬಾವಿನೀರಿನಿಂದಲೋ ತುಂಬಬೇಕು, ಕ್ಲೋರಿನ್ ಬೆರೆತ ನಲ್ಲಿ ನೀರು ಆಗದು. ಬಾಯಿಗೆ ತೆಳುಬಟ್ಟೆ ಕಟ್ಟುವುದು ಕಡ್ಡಾಯ. ಇಲ್ಲದಿದ್ದರೆ ಸೊಳ್ಳೆ ಬಂದು ಮೊಟ್ಟೆಯಿಡುತ್ತದೆ, ಡೆಂಗಿಯ ಕಾಲದಲ್ಲಿ ಇದು ಆಟದ ಮಾತಲ್ಲ. ಕೆರೆನೀರಿನ ಜೊತೆಗೇ ಸೊಳ್ಳೆಮರಿಗಳು ಬಂದಿದ್ದರೆ ಸೋಸಿ ತೆಗೆಯಬೇಕು.

ನೋಡುವ ಕೆಲಸ ಬರಿಗಣ್ಣಿನಿಂದಲೇ ಆರಂಭವಾಗುತ್ತದೆ. ರಾತ್ರಿ ಜಾಡಿಯ ಪಕ್ಕದಿಂದ ಟಾರ್ಚ್ ಬೆಳಕು ಬಿಟ್ಟರೆ ಜಿಗಿಜಿಗಿದು ಈಜುವ ಚುಕ್ಕಿಗಳು ಕಾಣುತ್ತವೆ. ಅವು ಡಾಫ್ನಿಯ, ಅಂದರೆ ನೀರುಚಿಗಟ. ಹತ್ತು ಪಟ್ಟು ಹಿಗ್ಗಿಸುವ ಕೈಮಸೂರದಲ್ಲಿ ಅದರ ಪಾರದರ್ಶಕ ಮೈಯೊಳಗೆ ಬೆನ್ನಿನ ಕಡೆ ಮಿಡಿಯುವ ಹೃದಯವನ್ನೂ, ಹಸುರು ಪಾಚಿ ತುಂಬಿದ ಕರುಳನ್ನೂ, ಬೆನ್ನಿನ ಚೀಲದಲ್ಲಿ ಬೆಳೆಯುತ್ತಿರುವ ಮರಿಗಳನ್ನೂ ಗುರುತಿಸಬಹುದು. ಬಾಲದ ಇಕ್ಕೆಲಗಳಲ್ಲಿ ಮೊಟ್ಟೆಯ ಗೊಂಚಲು ಹೊತ್ತು ಸಾಗುವ ಒಂಟಿಕಣ್ಣಿನ ಜೀವಿ ಸೈಕ್ಲಾಪ್ಸ್. ನಾರುಹುಣ್ಣಿನ ಹುಳು ಮನುಷ್ಯನ ದೇಹ ಸೇರುತ್ತಿದ್ದುದು ಇದರ ಮೂಲಕವೇ. ಮೆಟ್ಟಿಲು ಬಾವಿಯ ನೀರು ಕುಡಿಯುತ್ತಿದ್ದ ಕರ್ನಾಟಕದ ಹಳ್ಳಿಗಳೂ ಆ ರೋಗವನ್ನು ಕಂಡಿವೆ. ನೀರನ್ನು ಬಟ್ಟೆಯಲ್ಲಿ ಸೋಸಿ ಸೈಕ್ಲಾಪ್ಸ್ ಅನ್ನು ತಡೆಯುವುದು ಅದರ ನಿರ್ಮೂಲನೆಯ ಮುಖ್ಯ ಉಪಾಯಗಳಲ್ಲೊಂದಾಗಿತ್ತು. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ಘೋಷಣೆಯಾಯಿತು.

ಇನ್ನೂ ಚಿಕ್ಕವಕ್ಕೆ ಸೂಕ್ಷ್ಮದರ್ಶಕ ಬೇಕು. ಶಾಲೆಯ ಪ್ರಯೋಗಾಲಯದ ಸಾಮಾನ್ಯ ಉಪಕರಣವೇ ಸಾಕು. ಮನು ಪ್ರಕಾಶ್ ಅವರ ತಂಡ ಸ್ಟ್ಯಾನ್‌ಫರ್ಡ್‌ನಲ್ಲಿ ರೂಪಿಸಿದ, ಕಾಗದ ಮಡಚಿ ಮಾಡುವ ಫೋಲ್ಡ್‌ಸ್ಕೋಪ್ ಕೂಡ ಆದೀತು. ಪ್ಯಾರಮೀಸಿಯಂ ಎಂಬ ಏಕಕೋಶಜೀವಿಯ ಓಡಾಟ ತಡೆಯಲು ಹನಿಯಲ್ಲಿ ಹತ್ತಿಯ ಕೆಲವು ಎಳೆ ಹಾಕಿದರೆ ಅದು ಎಳೆಗಳ ನಡುವೆ ಸಿಕ್ಕಿ ನಿಧಾನವಾಗುತ್ತದೆ. ಆಗ ಮೈತುಂಬ ಆಡುವ ಲೋಮಾಂಗಗಳೂ, ಒಳನುಗ್ಗಿದ ಹೆಚ್ಚುವರಿ ನೀರನ್ನು ಹೊರದಬ್ಬಲು ಹಿಗ್ಗಿ ಕುಗ್ಗುವ ಎರಡು ಗುಳ್ಳೆಗಳೂ ಸ್ಪಷ್ಟವಾಗುತ್ತವೆ. ಅಂಟಿ ಬಾಳುವ ಜೀವಿಗಳಿಗೆ ಬೇರೆ ಉಪಾಯವಿದೆ. ಸ್ಲೈಡೊಂದನ್ನು ದಾರಕ್ಕೆ ಕಟ್ಟಿ ವಾರ ಕಾಲ ಜಾಡಿಯಲ್ಲಿ ಇಳಿಬಿಟ್ಟರೆ ಅದರ ಮೇಲೆ ಡಯಾಟಮ್ ಎಂಬ ಪಾಚಿಗಳೂ ವಾರ್ಟಿಸೆಲ್ಲಾಗಳೂ ನೆಲೆಸುತ್ತವೆ. ವಾರ್ಟಿಸೆಲ್ಲಾ ಗಂಟೆಯಾಕಾರದ ಏಕಕೋಶಜೀವಿ. ಸ್ಲೈಡನ್ನು ಉಗುರಿನಿಂದ ತಟ್ಟಿದರೆ ಅದರ ಉದ್ದ ತೊಟ್ಟು ಕಣ್ಣೆವೆಯಿಕ್ಕುವುದರೊಳಗೆ ಸ್ಪ್ರಿಂಗಿನಂತೆ ಸುರುಳಿಯಾಗಿ, ಮತ್ತೆ ಸಾವಕಾಶ ಬಿಚ್ಚಿಕೊಳ್ಳುತ್ತದೆ. ಇಡೀ ಜಾಡಿಯಲ್ಲಿ ಇಷ್ಟು ಸೊಗಸಾದ ನೋಟ ಇನ್ನೊಂದಿಲ್ಲ.

ಆದರೆ ಒಂದು ಹನಿ ನೋಡಿ ಮುಗಿಸುವುದಕ್ಕೆ ಜಾಡಿ ಬೇಕಿಲ್ಲ. ಜಾಡಿ ಬೇಕಾಗುವುದು ದಿನಗಳು ಕಳೆದಂತೆ ಆಗುವ ಬದಲಾವಣೆಯನ್ನು ನೋಡಲು. ಮೊದಲು ಬ್ಯಾಕ್ಟೀರಿಯಾ ಹೆಚ್ಚಿ ನೀರು ಮಬ್ಬಾಗುತ್ತದೆ, ಅದನ್ನು ತಿನ್ನುವ ಪ್ಯಾರಮೀಸಿಯಂ ಜಾತಿಯವು ಹೆಚ್ಚುತ್ತವೆ, ನೀರು ತಿಳಿಯಾದಂತೆ ಅವು ಕಡಿಮೆಯಾಗಿ ಅಮೀಬಾ, ರೋಟಿಫರ್‌ಗಳ ಸರದಿ ಬರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ತಳದಲ್ಲಿ ಆಮ್ಲಜನಕ ತೀರಿದೆ ಎಂದರ್ಥ.

ಹೀಗೆ ಜಾಡಿಯನ್ನೇ ದಿನದಿನವೂ ನೋಡಿದ್ದರಿಂದ ವಿಜ್ಞಾನದ ದಿಕ್ಕೇ ಬದಲಾದದ್ದುಂಟು. ಹಾಲೆಂಡಿನ ಹೇಗ್ ನಗರದ ಬಳಿ ಶ್ರೀಮಂತರ ಮನೆಯ ಮಕ್ಕಳಿಗೆ ಪಾಠ ಹೇಳುತ್ತಿದ್ದ ಜಿನೀವಾದ ಅಬ್ರಹಾಂ ಟ್ರೆಂಬ್ಲಿ 1740ರಲ್ಲಿ ಕೊಳದ ನೀರಿನೊಂದಿಗೆ ಹಸುರು ಹೈಡ್ರಾ ಎಂಬ ಪುಟ್ಟ ಜೀವಿಗಳನ್ನು ಗಾಜಿನ ಪಾತ್ರೆಯಲ್ಲಿಟ್ಟಿದ್ದರು. ಪಾತ್ರೆ ತಿರುಗಿಸಿಟ್ಟರೂ ಅವು ಬೆಳಕಿನ ಕಡೆಗೇ ಸಾಗಿ ಸೇರುವುದನ್ನು ಕಂಡರು. ಇದು ಗಿಡವೋ ಪ್ರಾಣಿಯೋ ತಿಳಿಯಲೆಂದು ಒಂದನ್ನು ಕತ್ತರಿಸಿದರೆ ಎರಡು ತುಂಡುಗಳೂ ಪೂರ್ಣ ಹೈಡ್ರಾಗಳಾಗಿ ಬೆಳೆದವು. ಪ್ರಾಣಿಯೊಂದು ಹೀಗೆ ಮರುಬೆಳೆಯಬಲ್ಲುದೆಂದು ಅಂದಿನ ಯುರೋಪು ಊಹಿಸಿರಲಿಲ್ಲ. 1743ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರಿಗೆ ಕೋಪ್ಲಿ ಪದಕ ನೀಡಿತು.

ಜಾಡಿ ಮುಟ್ಟಿದ ಮೇಲೆ ಕೈ ತೊಳೆಯಬೇಕು. ನೋಡಿದ್ದನ್ನು ದಿನಾಂಕ ಹಾಕಿ ಚಿತ್ರದೊಂದಿಗೆ ಬರೆದಿಡುವುದು ಒಳ್ಳೆಯದು. ಸಾಕೆನಿಸಿದಾಗ ಅಂಗಡಿಯಿಂದ ತಂದ ಗಿಡ ಸೇರಿರದಿದ್ದರೆ ನೀರನ್ನು ತಂದ ಕೆರೆಗೇ ಬಿಡಿ. ಸೇರಿದ್ದರೆ ತೋಟದ ಒಣನೆಲಕ್ಕೆ ಚೆಲ್ಲಿ, ಬೇರೆ ಕೆರೆಗೆ ಮಾತ್ರ ಹಾಕಬೇಡಿ.