ದಿಂಡಿಗಲ್ಲಿನ ಬೀಗ, ಕಿಸೆಯೊಳಗಿನ ಬಾಗಿಲು

ದಿಂಡಿಗಲ್ ಎಂದರೆ ಇಂದಿನ ಹುಡುಗರಿಗೆ ನೆನಪಾಗುವುದು ಬಿರಿಯಾನಿ. ನಮ್ಮ ಅಜ್ಜಿಯ ಕಾಲದವರಿಗೆ ನೆನಪಾಗುತ್ತಿದ್ದುದು ಬೀಗ. ಅಜ್ಜಿಯ ಮನೆಯ ಉಗ್ರಾಣದ ಬಾಗಿಲಿಗೆ ಮಾವಿನಕಾಯಿಯ ಆಕಾರದ ಕಬ್ಬಿಣದ ಬೀಗವೊಂದು ನೇತಾಡುತ್ತಿತ್ತು. ಅದರ ಕೀಲಿ ಅಜ್ಜಿಯ ಸೊಂಟದಲ್ಲಿ. ಇನ್ನೊಂದು ಕೀಲಿ ಎಲ್ಲಿದೆಯೆಂದು ಅಜ್ಜನಿಗೂ ಗೊತ್ತಿರಲಿಲ್ಲ!

ಈಚೆಗೆ ಆ ಊರಿಗೆ ಹೋಗುವ ಅವಕಾಶ ಒದಗಿತು. ಗುರುಮಠದಲ್ಲಿ ನನ್ನ ಜೊತೆ ಓದಿದ ತಮಿಳು ಗುರುಗಳೊಬ್ಬರು ಕಂಬಂ ಕಣಿವೆಯ ರಾಯಪ್ಪನ್‌ಪಟ್ಟಿಯ ಕಡೆ ಇದ್ದಾರೆ. ಅವರ ಹಬ್ಬದ ಕರೆಗೆ ಓಗೊಟ್ಟು ಹೊರಟಾಗ ಅಕ್ಕನ ಮಗನೂ ಜೊತೆಯಾದ. ಅವನು ಬೆಂಗಳೂರಿನಲ್ಲಿ ಡಿಸೈನರ್. ಬಟ್ಟೆಯ ಡಿಸೈನರ್ ಅಲ್ಲ. ಮೊಬೈಲಿನ ತೆರೆಯ ಮೇಲೆ ಯಾವ ಗುಂಡಿ ಎಲ್ಲಿರಬೇಕು, ಯಾವ ಬಣ್ಣದ್ದಾಗಿರಬೇಕು, ಯಾವ ಮಾತು ದಪ್ಪಕ್ಷರದಲ್ಲಿರಬೇಕು, ಯಾವುದು ಸಣ್ಣಕ್ಷರದಲ್ಲಿರಬೇಕು ಎಂದು ನಿರ್ಧರಿಸುವ ಕೆಲಸ. "ಅದಕ್ಕೂ ಸಂಬಳ ಕೊಡ್ತಾರಾ?" ಎಂದು ಅವನ ಅಜ್ಜಿ ಇಂದಿಗೂ ಕೇಳುತ್ತಾರೆ.

ಮೈಸೂರು–ತೂತ್ತುಕುಡಿ ರೈಲಿನಿಂದ ಬೆಳಗಿನ ಜಾವ ದಿಂಡಿಗಲ್ಲಿನಲ್ಲಿ ಇಳಿದೆವು. ಕಾಫಿ ಕುಡಿದು, ಅಂಗಡಿಗಳು ತೆರೆಯುವವರೆಗೆ ಕಾದು, ಬೀಗ ನೋಡಲು ಹೋದೆವು. ಕೈಯಿಂದಲೇ ತಯಾರಾಗುವ ಈ ಬೀಗಕ್ಕೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಆದರೆ ಅಲಿಗಢದ ಕಾರ್ಖಾನೆಗಳ ಅಗ್ಗದ ಬೀಗಗಳ ಮುಂದೆ ಕಸುಬು ಸೊರಗಿದೆ. ಬೀಗದೊಳಗೆ ಒಂದರ ಮೇಲೊಂದು ಸನ್ನೆಪಟ್ಟಿಗಳಿರುತ್ತವೆ. ಕೀಲಿಯ ಹಲ್ಲುಗಳು ಅಷ್ಟನ್ನೂ ಸರಿಯಾದ ಎತ್ತರಕ್ಕೆ ಎತ್ತಿದರೆ ಮಾತ್ರ ಅದು ಬಿಡುತ್ತದೆ. ತಂತ್ರದ ಬೀಗವೆಂಬುದೂ ಒಂದಿದೆ: ಗುಟ್ಟು ತಿಳಿಯದವನ ಕೈಯಲ್ಲಿ ಕೀಲಿ ಇದ್ದರೂ ಅದು ತೆರೆಯದು.

ಹುಡುಗ ಒಂದು ಮಾವಿನಕಾಯಿ ಬೀಗವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. "ಮಾವ, ಇದನ್ನ ಮಾಡಿದವರು ಯಾರಿಗೆ ಕಷ್ಟ ಕೊಡಬೇಕು ಅಂತ ಸರಿಯಾಗಿ ಯೋಚನೆ ಮಾಡಿದ್ದಾರೆ. ಕಷ್ಟ ಕಳ್ಳನಿಗೆ, ಸುಲಭ ಮನೆಯವರಿಗೆ. ನಮ್ಮ ಕಸುಬಿನಲ್ಲಿ ಇದು ತಿರುಗಾಮುರುಗಾ ಆಗಿದೆ. ಒಳಗೆ ಬರೋಕೆ ಬಾಗಿಲೇ ಇಲ್ಲ, ಹೊರಗೆ ಹೋಗೋಕೆ ತಂತ್ರದ ಬೀಗ!"

ವತ್ತಲಗುಂಡು, ಪೆರಿಯಕುಳಂ ಮಾರ್ಗವಾಗಿ ಬಸ್ಸು ತೇನಿಯ ಕಡೆ ಸಾಗುವಾಗ ಅವನ ಪಾಠ ಮುಂದುವರಿಯಿತು. ಅಮೆರಿಕದ ಡೊನಾಲ್ಡ್ ನಾರ್ಮನ್ ಎಂಬ ವಿದ್ವಾಂಸರು 1988ರಲ್ಲಿ ದಿನಬಳಕೆಯ ವಸ್ತುಗಳ ವಿನ್ಯಾಸದ ಬಗ್ಗೆ ಪುಸ್ತಕ ಬರೆದರಂತೆ. ಎಳೆಯಬೇಕಾದ ಬಾಗಿಲನ್ನು ಜನ ತಳ್ಳಿದರೆ ತಪ್ಪು ಜನರದ್ದಲ್ಲ, ಬಾಗಿಲು ಮಾಡಿದವನದು ಎಂಬುದು ಅದರ ತಿರುಳು. ನನಗೆ ಈ ಮಾತು ತುಂಬ ಹಿಡಿಸಿತು. ಬ್ಯಾಂಕಿನ ಯಂತ್ರದ ಮುಂದೆ, ರೈಲು ಟಿಕೆಟ್ಟಿನ ಜಾಲತಾಣದ ಮುಂದೆ "ನನಗೆ ಬುದ್ಧಿ ಸಾಲದು ಸ್ವಾಮಿ" ಎಂದು ತಲೆ ತಗ್ಗಿಸುವ ಎಷ್ಟು ಹಿರಿಯರನ್ನು ನಾವು ನೋಡಿಲ್ಲ!

ಆದರೆ ಅರಿಯದೆ ಕೆಟ್ಟ ಬಾಗಿಲು ಮಾಡುವುದು ಬೇರೆ, ಬೇಕೆಂದೇ ಮಾಡುವುದು ಬೇರೆ. ಈ ಎರಡನೆಯದಕ್ಕೆ ಹ್ಯಾರಿ ಬ್ರಿಗ್ನಲ್ ಎಂಬ ಇಂಗ್ಲೆಂಡಿನ ವಿನ್ಯಾಸಕಾರರು 2010ರಲ್ಲಿ 'ಡಾರ್ಕ್ ಪ್ಯಾಟರ್ನ್' ಎಂದು ಹೆಸರಿಟ್ಟರು. ಕಣ್ಕಟ್ಟು ಎನ್ನೋಣ. 'ಇನ್ನು ಎರಡೇ ಉಳಿದಿವೆ, ಬೇಗ ಕೊಳ್ಳಿರಿ' ಎಂಬ ಸುಳ್ಳು ಅವಸರ. ನೀವು ಕೇಳದ ವಿಮೆಯನ್ನೋ ದಾನವನ್ನೋ ಸದ್ದಿಲ್ಲದೆ ಬಿಲ್ಲಿಗೆ ಸೇರಿಸುವುದು. 'ಬೇಡ' ಎಂದರೆ ನಾಚಿಕೆಯಾಗುವಂತೆ ಮಾತು ಜೋಡಿಸುವುದು. ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ ಹದಿಮೂರು ಕಣ್ಕಟ್ಟುಗಳನ್ನು ಹೆಸರಿಸಿ ನಿಷೇಧಿಸಿತು. ಅಮೆರಿಕದಲ್ಲಿ ಅಮೆಜಾನ್ ಕಂಪನಿಯ ಮೇಲೆ, ಜನರನ್ನು ಒಪ್ಪಿಗೆಯಿಲ್ಲದೆ ಚಂದಾದಾರರನ್ನಾಗಿ ಮಾಡಿ, ಚಂದಾ ರದ್ದು ಮಾಡುವ ದಾರಿಯನ್ನು ಸುತ್ತುಬಳಸಾಗಿಸಿದ ಆರೋಪ ಬಂತು. ಕಂಪನಿಯ ಒಳಗೆ ಆ ದಾರಿಗೆ 'ಇಲಿಯಡ್' ಎಂಬ ಅಡ್ಡಹೆಸರಿತ್ತೆಂದು ದೂರಿನಲ್ಲಿದೆ. ಹೋಮರನ ಮುಗಿಯದ ಯುದ್ಧಕಾವ್ಯ! 2025ರ ಸೆಪ್ಟೆಂಬರಿನಲ್ಲಿ ಕಂಪನಿ 250 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು.

"ನೀನೂ ಇಂಥ ಗುಂಡಿ ಮಾಡಿದ್ದೀಯೇನೋ?" ಎಂದು ಕೇಳಿಬಿಟ್ಟೆ.

ಹುಡುಗ ಕಿಟಕಿಯ ಹೊರಗೆ ನೋಡತೊಡಗಿದ. ಪೆರಿಯಕುಳದ ಮಾವಿನ ತೋಪುಗಳು ದಾಟಿದವು. ತೇನಿ ಬಂದಾಗ ಹೇಳಿದ: "ಒಂದ್ಸಲ ಮಾಡಿದ್ದೀನಿ ಮಾವ. 'ಬೇಡ' ಅನ್ನೋದನ್ನ ಬೂದು ಬಣ್ಣದಲ್ಲಿ, ಕಾಣಿಸೀ ಕಾಣಿಸದ ಹಾಗೆ. ಆ ತಿಂಗಳು ಒಪ್ಪಿಕೊಂಡವರ ಲೆಕ್ಕ ಏರಿತು ಅಂತ ಆಫೀಸಿನಲ್ಲಿ ಕೇಕ್ ಕತ್ತರಿಸಿದರು." ಮತ್ತೆ ನಾನು ಕೆದಕಲಿಲ್ಲ.

ಕಂಬಂ ಕಣಿವೆ ನಿಜಕ್ಕೂ ಚೆಲುವಾದ ನಾಡು. ಮುಲ್ಲಪೆರಿಯಾರಿನ ನೀರು, ಎರಡೂ ಬದಿ ಬೆಟ್ಟ, ನಡುವೆ ದ್ರಾಕ್ಷಿ ಚಪ್ಪರ. ಇಲ್ಲಿನ ಪನ್ನೀರು ದ್ರಾಕ್ಷಿಯನ್ನು ತಮಿಳುನಾಡಿಗೆ ತಂದವರು ಫ್ರಾನ್ಸಿನ ಒಬ್ಬ ಗುರುಗಳು, 1832ರಲ್ಲಿ. 2023ರಲ್ಲಿ ಅದಕ್ಕೂ ಭೌಗೋಳಿಕ ಸೂಚಕ ದೊರೆಯಿತು. ಇನ್ನೊಂದು ಸಂಗತಿ ನಮ್ಮ ಓದುಗರಿಗೆ ಸೋಜಿಗವೆನಿಸೀತು: ಈ ಕಣಿವೆಯಲ್ಲಿ ತಲೆಮಾರುಗಳ ಹಿಂದೆ ಬಂದು ನೆಲೆಸಿದ ಕನ್ನಡದ ಒಕ್ಕಲು ಕುಟುಂಬಗಳಿವೆ. ಮನೆಯೊಳಗೆ ಕನ್ನಡ, ಶಾಲೆಯಲ್ಲಿ ತಮಿಳು. ಕನ್ನಡ ಅಕ್ಷರ ಬಲ್ಲವರು ವಿರಳ.

ಅಂಥ ಒಬ್ಬ ಹಿರಿಯರ ತೋಟಕ್ಕೆ ನನ್ನ ಸಹಪಾಠಿ ಕರೆದೊಯ್ದರು. ಅವರ ಕನ್ನಡ ನಮ್ಮದಕ್ಕಿಂತ ಹಳೆಯದು, ತಮಿಳಿನ ರಾಗದ್ದು, ಕಿವಿಗೊಟ್ಟರೆ ತಿಳಿಯುತ್ತದೆ. ಹುಡುಗ ಅವರ ಫೋನು ನೋಡಲು ಕೇಳಿದ. ಹಿಂಜರಿಯದೆ ಕೊಟ್ಟರು. ತೆರೆಯ ಮೇಲೆ ಬರುವ ಮಾತನ್ನು ಓದುತ್ತೀರಾ ಎಂದದ್ದಕ್ಕೆ ನಕ್ಕರು: ನೀಲಿ ಇದ್ದ ಕಡೆ ಒತ್ತು ಎಂದು ಮೊಮ್ಮಗ ಹೇಳಿಕೊಟ್ಟಿದ್ದಾನೆ, ಅಷ್ಟೇ. ನೀಲಿ ಇದ್ದ ಕಡೆಯೆಲ್ಲ ಒತ್ತಿ ಒತ್ತಿ, ಟಾರ್ಚಿನ ಬೆಳಕು ಬಿಡುವ ಒಂದು ಆ್ಯಪಿಗೆ ಅವರು ತಮ್ಮ ಸಂಪರ್ಕದ ಹೆಸರುಗಳನ್ನೂ ಫೋಟೋಗಳನ್ನೂ ತಾವಿರುವ ಜಾಗವನ್ನೂ ಒಪ್ಪಿಸಿದ್ದರು. ಹುಡುಗ ಒಂದೊಂದನ್ನೇ ಮುಚ್ಚಿಕೊಟ್ಟ. ಅವರು ನಮಗೆ ಒಂದು ಬುಟ್ಟಿ ದ್ರಾಕ್ಷಿ ಕೊಟ್ಟರು.

ಖಾಸಗಿತನ ಎಂಬುದು ಶ್ರೀಮಂತರ ಮಾತು, ಬಡವನಿಗೆ ಮುಚ್ಚಿಡಲು ಏನಿದೆ ಎನ್ನುವವರಿದ್ದಾರೆ. ಈ ಮಾತಿಗೆ ಉತ್ತರ ಸಿಕ್ಕಿದ್ದು ಕರ್ನಾಟಕದವರೊಬ್ಬರಿಂದಲೇ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅದರ ಫಲವಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಪ್ರತಿಯೊಬ್ಬ ಪ್ರಜೆಯ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪಿತ್ತಿತು. ಅವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದದ್ದು ಆ ತೀರ್ಪಿನ ಬೆನ್ನಿಗೆ. ಒಪ್ಪಿಗೆ ಕೇಳುವವರು ಅದನ್ನು ಇಂಗ್ಲಿಷಿನಲ್ಲಿ, ಇಲ್ಲವೇ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಕೊಡಬೇಕೆಂದು ಅದು ಹೇಳುತ್ತದೆ. ಕನ್ನಡವೂ ಸೇರಿತು. ಆದರೆ ಮಾತು ಕನ್ನಡ, ಓದು ತಮಿಳು ಆಗಿರುವ ಆ ದ್ರಾಕ್ಷಿ ತೋಟದ ಹಿರಿಯರಿಗೆ ನೀಲಿ ಗುಂಡಿಯೇ ಗತಿ.

ವಾಟ್ಸಾಪ್ ಬಿಟ್ಟುಬಿಡಿ ಎಂಬುದು ಹುಡುಗನ ವಾದ. 2021ರಲ್ಲಿ ಅದು 'ಒಪ್ಪು, ಇಲ್ಲವೇ ಬಿಡು' ಎಂಬ ಧಾಟಿಯ ಶರತ್ತು ಹಾಕಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2024ರ ನವೆಂಬರಿನಲ್ಲಿ ಅದರ ಒಡೆಯ ಕಂಪನಿ ಮೆಟಾಗೆ 213 ಕೋಟಿ ರೂಪಾಯಿ ದಂಡ ವಿಧಿಸಿದ್ದನ್ನು ಎತ್ತಿ ತೋರಿಸಿದ. ಅವನ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಮಗಳು ಕುವೈತಿನಲ್ಲಿ ದಾದಿಯಾಗಿರುವ ತಾಯಿಗೆ ಅದನ್ನು ಬಿಡು ಎನ್ನುವುದು ಹೇಗೆ? ಇಷ್ಟಕ್ಕೂ ಕಂಪನಿಗಳನ್ನು ದೂರಲು ನನಗೆ ಬಾಯಿ ಬರಲಿಲ್ಲ. ಕಾರಣ ಹೇಳುತ್ತೇನೆ.

ನಮ್ಮ ಧರ್ಮಕೇಂದ್ರದ ಕುಟುಂಬಗಳ ಕೈಪಿಡಿಯನ್ನು ಎರಡು ವರ್ಷಗಳ ಹಿಂದೆ ಉತ್ಸಾಹದಿಂದ ಅಂತರಜಾಲಕ್ಕೆ ಏರಿಸಿದೆವು. ಹೆಸರು, ಮನೆ ವಿಳಾಸ, ಫೋನ್ ನಂಬರು, ಹುಟ್ಟಿದ ದಿನ, ಮಕ್ಕಳು ಯಾವ ದೇಶದಲ್ಲಿದ್ದಾರೆ, ಎಲ್ಲವೂ ಅಂದವಾಗಿ, ಫೋಟೋ ಸಹಿತ. ಕೆಲವು ತಿಂಗಳ ನಂತರ ಒಬ್ಬ ನಿವೃತ್ತ ಶಿಕ್ಷಕಿಗೆ ಕರೆ ಬಂತು. ಕರೆದವನಿಗೆ ಅವರ ಹುಟ್ಟಿದ ದಿನ ಗೊತ್ತಿತ್ತು, ಮಗನ ಹೆಸರು ಗೊತ್ತಿತ್ತು, ಅವನಿರುವ ದೇಶವೂ ಗೊತ್ತಿತ್ತು. ಮಗನ ಹೆಸರಿನ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ಬಂಧಿಸುತ್ತೇವೆ ಎಂದು ಹೆದರಿಸಿ ನಲವತ್ತು ಸಾವಿರ ರೂಪಾಯಿ ಕಿತ್ತುಕೊಂಡ. ನಾಚಿಕೆಯಿಂದ ಅವರು ಮೂರು ದಿನ ಯಾರಿಗೂ ಹೇಳಲಿಲ್ಲ. ಹಣ ಹೋದ ಕೂಡಲೇ 1930ಕ್ಕೆ ಕರೆ ಮಾಡಿದ್ದರೆ ಬ್ಯಾಂಕಿನಲ್ಲೇ ತಡೆಹಿಡಿಯುವ ಸಾಧ್ಯತೆ ಇತ್ತು. ಆ ನಂಬರನ್ನು ನಾನು ಪೀಠದಿಂದ ಒಮ್ಮೆಯೂ ಹೇಳಿರಲಿಲ್ಲ. ಮಾಹಿತಿ ನಮ್ಮ ಕೈಪಿಡಿಯಿಂದಲೇ ಹೋಯಿತೆಂದು ಹೇಳಲಾರೆ. ಹೋಗಲಿಲ್ಲ ಎಂದೂ ಹೇಳಲಾರೆ.

ಬಸ್ಸಿನಲ್ಲಿ ಹಿಂದಿರುಗುವಾಗ ಇದನ್ನು ಹುಡುಗನಿಗೆ ಹೇಳಿದೆ. ಅವನು ತನ್ನ ಬೂದು ಗುಂಡಿಯ ಮಾತು ಹೇಳಿದ್ದಕ್ಕೆ ಇದು ನನ್ನ ಪಾಲಿನ ಉತ್ತರವಾಗಿತ್ತು. ಅವನು ಕೇಳಿದ್ದು ಒಂದೇ: "ಹಾಕೋ ಮುಂಚೆ ಅವರನ್ನ ಕೇಳಿದ್ರಾ ಮಾವ?"

ಊರಿಗೆ ಬಂದ ಮರುದಿನವೇ ಕೈಪಿಡಿಯನ್ನು ಜಾಲತಾಣದಿಂದ ತೆಗೆಸಿದೆ. ಪಾಲನಾ ಸಮಿತಿಯ ಸಭೆಯಲ್ಲಿ ಟೀಚರಮ್ಮನ ಮುಂದೆ ನಡೆದದ್ದನ್ನು ಹೇಳಿ ಕ್ಷಮೆ ಕೇಳಿದೆ. ಈಗ ಮನೆಗೊಂದರಂತೆ ಚೀಟಿ ಕಳುಹಿಸುತ್ತಿದ್ದೇವೆ: ಹೆಸರು ಹಾಕಬಹುದೇ, ನಂಬರು ಹಾಕಬಹುದೇ, ಹುಟ್ಟಿದ ದಿನ? 'ಬೇಡ' ಎಂಬುದನ್ನೂ 'ಸರಿ' ಎಂಬಷ್ಟೇ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದೇವೆ. ವಿನ್ಯಾಸ ಅಕ್ಕನ ಮಗನದು, ಸಂಬಳವಿಲ್ಲದೆ.

ದಿಂಡಿಗಲ್ಲಿನ ಬೀಗ ಜ್ಞಾನಸ್ನಾನದ ದಾಖಲೆ ಪುಸ್ತಕಗಳಿರುವ ಬೀರುವಿಗೆ ಬಿದ್ದಿದೆ. ಕೈಪಿಡಿಯ ಹಳೆಯ ಪ್ರತಿಯೊಂದು ಮಾತ್ರ ಅಂತರಜಾಲದಲ್ಲಿ ಹುಡುಕಿದರೆ ಬೇರಾವುದೋ ತಾಣದಲ್ಲಿ ಇನ್ನೂ ಸಿಗುತ್ತದೆ. ತೆಗೆದುಹಾಕಿರೆಂದು ಎರಡು ಸಲ ಬರೆದಿದ್ದೇನೆ. ಇದನ್ನು ಮುದ್ರಣಕ್ಕೆ ಕಳುಹಿಸುವ ಹೊತ್ತಿಗೂ ಉತ್ತರ ಬಂದಿಲ್ಲ.