ಮಂಗನ ಕಾಯಿಲೆ ಮತ್ತು ಟಿ ಕೋಶಗಳ ಕಾವಲು

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಬಳಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು 1982-83ರ ಸುಮಾರಿಗೆ ಘಟ್ಟದ ಕೆಳಗಿನ ಬೆಳ್ತಂಗಡಿ ತಾಲ್ಲೂಕಿನಲ್ಲಿಯೂ ಅನೇಕರ ಪ್ರಾಣವನ್ನು ತೆಗೆದುಕೊಂಡಿತು. ಅಲ್ಲಿಯ ಹಿರಿಯ ಭಕ್ತರಿಗೆ ಆ ದಿನಗಳ ನೆನಪಿದ್ದೀತು.

ಉಣುಗು ಕಚ್ಚಿದಾಗ ವೈರಾಣು ಚರ್ಮದೊಳಕ್ಕೆ ಇಳಿಯುತ್ತದೆ. ನಮ್ಮ ರಕ್ಷಣೆಗೆಂದೇ ಇರುವ ಟಿ ಕೋಶಗಳು ಇಡಿಯಾದ ವೈರಾಣುವನ್ನು ನೇರವಾಗಿ ಗುರುತಿಸಲಾರವು. ಅವುಗಳಿಗೆ ಇನ್ನೊಬ್ಬರು ತೋರಿಸಬೇಕು! ಚರ್ಮದಲ್ಲಿ ಕಾದಿರುವ ಡೆಂಡ್ರೈಟಿಕ್ ಕೋಶಗಳು ವೈರಾಣುವನ್ನು ನುಂಗಿ, ಅದರ ಪ್ರೋಟೀನನ್ನು ಹತ್ತಿಪ್ಪತ್ತು ಅಮೈನೋ ಆಮ್ಲಗಳಷ್ಟು ಉದ್ದದ ತುಣುಕುಗಳನ್ನಾಗಿ ಕತ್ತರಿಸಿ, ಎಂಎಚ್‌ಸಿ ಎಂಬ ತಮ್ಮದೇ ಪ್ರೋಟೀನಿನ ಮೇಲಿರಿಸಿ ಹೊರಮೈಗೆ ತರುತ್ತವೆ. ಬಳಿಕ ಸಮೀಪದ ದುಗ್ಧರಸ ಗ್ರಂಥಿಗೆ ಸಾಗಿ, ಎದುರಾಗುವ ಟಿ ಕೋಶಗಳಿಗೆಲ್ಲ ಅದನ್ನು ತೋರಿಸುತ್ತವೆ. ಆ ತುಣುಕಿಗೆ ಹೊಂದುವ ಕೋಶ ಬಲು ಅಪರೂಪ. ಅದು ಸಿಕ್ಕಿ, ಸಾವಿರಗಟ್ಟಲೆಯಾಗಿ ವೃದ್ಧಿಸಲು ಹಲವು ದಿನಗಳು ಬೇಕು. ಜ್ವರವಾದರೋ ಮೂರರಿಂದ ಎಂಟು ದಿನಗಳಲ್ಲಿಯೇ ಕಾಣಿಸಿಕೊಳ್ಳುತ್ತದೆ.

ಈ ಪರಿಚಯವನ್ನು ಮುಂಚಿತವಾಗಿ ಮಾಡಿಸುವುದೇ ಲಸಿಕೆಯ ಕೆಲಸ. ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ವೈರಾಣುವಿನ ಲಸಿಕೆಯನ್ನು ಬಹುಕಾಲ ಕೊಡಲಾಯಿತು. ಸತ್ತ ವೈರಾಣು ಕೋಶದೊಳಗೆ ಬೆಳೆಯದಾದ್ದರಿಂದ, ಅದರ ತುಣುಕುಗಳು ಸಹಾಯಕ ಟಿ ಕೋಶಗಳಿಗೆ ಕಂಡಷ್ಟು, ಸೋಂಕು ತಗುಲಿದ ಕೋಶವನ್ನು ಕೊಲ್ಲುವ ಟಿ ಕೋಶಗಳಿಗೆ ಕಾಣುವುದಿಲ್ಲ. ಪದೇ ಪದೇ ಬೂಸ್ಟರ್ ಬೇಕಾಯಿತು. ರಕ್ಷಣೆ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು.

ಆದ್ದರಿಂದ ಡಿಸೆಂಬರಿನಿಂದ ಮೇವರೆಗೆ ತರಗೆಲೆ, ಸೌದೆಗಾಗಿ ಕಾಡಿಗೆ ಹೋಗುವ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯ ಭಕ್ತರು ಮೈತುಂಬ ಬಟ್ಟೆ ಧರಿಸಿ, ಆರೋಗ್ಯ ಇಲಾಖೆ ಹೇಳುವ ಉಣುಗು ನಿವಾರಕ ತೈಲವನ್ನು ಹಚ್ಚಿಕೊಳ್ಳಬೇಕು. ಮರಳಿದೊಡನೆ ಬಿಸಿನೀರಿನ ಸ್ನಾನ ಮಾಡಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.