ಚೆರ್ರಿಯ ಪರಿಮಳ ಮರದ ಯಾವ ಭಾಗದ್ದು?

ಹತ್ತನೇ ತರಗತಿಯ ‘ಕಾರ್ಬನ್ ಮತ್ತು ಅದರ ಸಂಯುಕ್ತಗಳು’ ಘಟಕದಲ್ಲಿ ಕ್ರಿಯಾ ಗುಂಪುಗಳ ಕೋಷ್ಟಕ ಬರುತ್ತದೆ. ಆಲ್ಕೋಹಾಲಿಗೆ ಸ್ಯಾನಿಟೈಸರ್, ಕಾರ್ಬಾಕ್ಸಿಲಿಕ್ ಆಮ್ಲಕ್ಕೆ ವಿನೆಗರ್ ಎಂದು ಉದಾಹರಣೆ ಕೊಡುವುದು ಸುಲಭ. ಆಲ್ಡಿಹೈಡಿನ ಸಾಲಿಗೆ ಬಂದಾಗ ಮಾತ್ರ ಪ್ರೊಪನಾಲ್ ಎಂಬ ಹೆಸರನ್ನು ಓದಿ ಮುಂದೆ ಹೋಗಿಬಿಡುತ್ತೇವೆ. ಬೋಧನಾಭ್ಯಾಸದಲ್ಲಿ ಈ ಪಾಠ ನನಗೆ ಬಂದಾಗ, ಮಕ್ಕಳ ಮೂಗಿಗೆ ಸಿಗುವಂಥ ಒಂದು ಆಲ್ಡಿಹೈಡ್ ಬೇಕೆನಿಸಿತು. ಆರಿಸಿಕೊಂಡದ್ದು ಸುಗಂಧ ದ್ರವ್ಯಗಳಲ್ಲಿ ಬರುವ ಚೆರ್ರಿಯ ವಾಸನೆಯನ್ನು.

ಪೂರ್ವಜ್ಞಾನ ಪರೀಕ್ಷಿಸಿದಾಗ ‘ಕೇಕಿನ ಮೇಲೆ ಇರುತ್ತಲ್ಲ, ಅದೇ ಚೆರ್ರಿ’ ಎಂಬ ಉತ್ತರ ಬಂತು. ನಮ್ಮ ಬೇಕರಿಗಳ ಆ ಕೆಂಪು ಚೆರ್ರಿ ಅನೇಕ ವೇಳೆ ಬಣ್ಣ ಹಾಕಿ ಸಕ್ಕರೆ ಪಾಕದಲ್ಲಿ ನೆನೆಸಿದ ಕವಳಿಕಾಯಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮಕ್ಕಳ ಮನಸ್ಸಿನಲ್ಲಿ ಇಡೀ ಪಾಠ ಕವಳಿಕಾಯಿಯ ಬಗ್ಗೆಯೇ ನಡೆಯುತ್ತದೆ.

ಮಿಶ್ರಣವೊಂದರಲ್ಲಿ ಬೇರೆಯಾಗಿ ಗುರುತಿಸಬಹುದಾದ ವಾಸನೆಯನ್ನು ಸುಗಂಧ ತಯಾರಕರು ‘ನೋಟ್’ ಎನ್ನುತ್ತಾರೆ. ಮಲ್ಲಿಗೆಯ ನೋಟನ್ನು ಮಲ್ಲಿಗೆ ಹೂವಿನಿಂದಲೇ ತೆಗೆಯಬಹುದು. ಚೆರ್ರಿ ಹೂವಿನಲ್ಲಿ ಅದು ಸಾಗುವುದಿಲ್ಲ. ಜಪಾನಿನಲ್ಲಿ ಅತಿ ಹೆಚ್ಚಾಗಿ ನೆಟ್ಟಿರುವ ‘ಸೋಮೇಯಿ ಯೋಶಿನೊ’ ತಳಿಯ ಹೂವಿಗೆ ವಾಸನೆ ಬಹಳ ಕಡಿಮೆ. ಆದ್ದರಿಂದ ಗುಲಾಬಿಯನ್ನು ನೆನಪಿಸುವ ಫೆನೈಲ್ ಎಥಿಲ್ ಆಲ್ಕೋಹಾಲ್, ಅನಿಸಾಲ್ಡಿಹೈಡ್, ಕೂಮರಿನ್ ಮುಂತಾದವನ್ನು ಬೆರೆಸಿ ‘ಚೆರ್ರಿ ಹೂವ’ನ್ನು ಕಟ್ಟುತ್ತಾರೆ.

ಜಪಾನೀಯರು ಚೆರ್ರಿಯ ಪರಿಮಳವೆಂದು ಗುರುತಿಸುವುದು ಹೆಚ್ಚಾಗಿ ಎಲೆಯದು. ಓಶಿಮಾ ಚೆರ್ರಿಯ ಎಲೆಗಳನ್ನು ಉಪ್ಪಿನಲ್ಲಿ ಹಾಕಿಟ್ಟು, ಸಾಕುರಾಮೋಚಿ ಎಂಬ ಅಕ್ಕಿಯ ಸಿಹಿತಿಂಡಿಗೆ ಸುತ್ತುತ್ತಾರೆ. ಹಸಿ ಎಲೆಗೆ ಆ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಅದರಲ್ಲಿ ಕೂಮರಿನ್‌ನ ಪೂರ್ವರೂಪ ಸಕ್ಕರೆಯ ಅಣುವಿಗೆ ಅಂಟಿಕೊಂಡಿರುತ್ತದೆ, ಅದನ್ನು ಬಿಡಿಸುವ ಕಿಣ್ವ ಬೇರೆ ಕಡೆ ಇರುತ್ತದೆ. ಉಪ್ಪು ಜೀವಕೋಶಗಳನ್ನು ಕೆಡಿಸಿದಾಗ ಎರಡೂ ಕೂಡಿ, ಕೊಯ್ದು ಒಣಗಲು ಬಿಟ್ಟ ಹುಲ್ಲಿನಂಥ ಸಿಹಿವಾಸನೆಯ ಕೂಮರಿನ್ ಹೊರಬರುತ್ತದೆ. ವಿಲಿಯಂ ಹೆನ್ರಿ ಪರ್ಕಿನ್ 1868ರಲ್ಲಿ ಇದನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಅವರು ಬಳಸಿದ ಸ್ಯಾಲಿಸಿಲಾಲ್ಡಿಹೈಡ್ ಕೂಡ ನಮ್ಮ ಕೋಷ್ಟಕದ ಗುಂಪಿನದೇ.

ಈ ‘ಬೇರೆ ಬೇರೆ ಇಟ್ಟು, ಜಜ್ಜಿದಾಗ ಕೂಡುವ’ ವ್ಯವಸ್ಥೆ ತರಗತಿಗೆ ಸ್ವಲ್ಪ ಕಷ್ಟ. ನಾನು ಸಾಸಿವೆ ಬಳಸಿದೆ. ಇಡೀ ಕಾಳಿಗೆ ಘಾಟಿಲ್ಲ. ನೀರು ಹಾಕಿ ಅರೆದರೆ ಮೂಗಿಗೆ ಹೊಡೆಯುತ್ತದೆ. ‘ಒಗ್ಗರಣೆಗೆ ಹಾಕಿದಾಗ ಯಾಕೆ ಹಾಗಾಗಲ್ಲ ಮಿಸ್?’ ಎಂದು ಹಿಂದಿನ ಬೆಂಚಿನ ಹುಡುಗ ಕೇಳಿದ. ಕಾದ ಎಣ್ಣೆಯಲ್ಲಿ ಕಿಣ್ವ ನಾಶವಾಗುತ್ತದೆ ಎಂಬ ವಿವರಣೆಗೆ ಅದಕ್ಕಿಂತ ಒಳ್ಳೆಯ ಪೀಠಿಕೆ ನನ್ನ ಯೋಜನೆಯಲ್ಲಿ ಇರಲಿಲ್ಲ.

ಇನ್ನು ಹಣ್ಣು. ಚೆರ್ರಿ ರುಚಿಯ ಕೆಮ್ಮಿನ ಸಿರಪ್‌ನಲ್ಲೂ ಸುಗಂಧ ದ್ರವ್ಯದಲ್ಲೂ ‘ಇದು ಚೆರ್ರಿ’ ಎನಿಸುವಂತೆ ಮಾಡುವ ಮುಖ್ಯ ವಸ್ತು ಬೆಂಜಾಲ್ಡಿಹೈಡ್: ಬೆಂಜೀನ್ ಉಂಗುರಕ್ಕೆ ಒಂದು ಆಲ್ಡಿಹೈಡ್ ಗುಂಪು. ಕಹಿ ಬಾದಾಮಿಯ ವಾಸನೆಯೂ ಇದೇ. ಚೆರ್ರಿಯ ಗೊರಟೆಯೊಳಗಿನ ತಿರುಳಿನಲ್ಲಿ ಇದು ಅಮಿಗ್ಡಲಿನ್ ರೂಪದಲ್ಲಿ ಅಡಗಿರುತ್ತದೆ. ತಿರುಳನ್ನು ಜಜ್ಜಿದಾಗ ಒಂದು ಅಮಿಗ್ಡಲಿನ್ ಅಣು ಎರಡು ನೀರಿನ ಅಣುಗಳೊಂದಿಗೆ ವರ್ತಿಸಿ ಎರಡು ಗ್ಲೂಕೋಸ್, ಒಂದು ಬೆಂಜಾಲ್ಡಿಹೈಡ್, ಒಂದು ಹೈಡ್ರೋಜನ್ ಸೈನೈಡ್ ಅಣುಗಳನ್ನು ಕೊಡುತ್ತದೆ. ಅಮಿಗ್ಡಲಿನ್‌ನಲ್ಲಿ 20 ಕಾರ್ಬನ್ ಪರಮಾಣುಗಳು; ಬಲಗಡೆ 12, 7, 1. ಸಮೀಕರಣ ಸರಿದೂಗಿಸುವುದು ಮೊದಲ ಘಟಕದಲ್ಲೇ ಆಗಿರುವುದರಿಂದ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಬಹುದು.

ಪರಿಮಳದ ಜೊತೆಗೇ ವಿಷ ಹುಟ್ಟುವ ಈ ಹಂತದಲ್ಲಿ ತರಗತಿ ಗಪ್‌ಚುಪ್ ಆಯಿತು. ಅಷ್ಟರವರೆಗೆ ‘ಕಾರ್ಖಾನೆಯಲ್ಲಿ ಮಾಡಿದ್ದು ಕೆಮಿಕಲ್, ಗಿಡದಿಂದ ಬಂದದ್ದು ಒಳ್ಳೆಯದು’ ಎಂದೇ ಅವರು ಹೇಳುತ್ತಿದ್ದರು. ನಮ್ಮಲ್ಲೂ ಅನೇಕರು ಹಾಗೆಯೇ ಮಾತಾಡುತ್ತೇವೆ. ಟೊಲ್ವೀನ್‌ನಿಂದ ತಯಾರಿಸಿದ ಬೆಂಜಾಲ್ಡಿಹೈಡ್‌ನಲ್ಲಿ ಸೈನೈಡ್ ಹುಟ್ಟುವ ಪ್ರಶ್ನೆಯೇ ಇಲ್ಲ. ತಿರುಳಿನಿಂದ ತೆಗೆದ ಎಣ್ಣೆಯಲ್ಲಿ ಸೈನೈಡನ್ನು ಬೇರ್ಪಡಿಸಿದ ಮೇಲೆಯೇ ಅದು ಬಳಕೆಗೆ ಯೋಗ್ಯ. ಎರಡೂ ಕಡೆಯ ಬೆಂಜಾಲ್ಡಿಹೈಡ್ ಅಣು ಒಂದೇ. ಒಬ್ಬ ಹುಡುಗಿ ‘ಹಾಗಾದರೆ ಬಾಟಲಿಯಲ್ಲಿರೋದು ನಕಲಿ ಚೆರ್ರಿನಾ?’ ಎಂದಳು. ‘ಅಣು ಅಸಲಿ, ಮರ ಮಾತ್ರ ಇಲ್ಲ’ ಎಂದೆ. ಅವಳಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಹಣ್ಣಿನಲ್ಲಿ ಇನ್ನೂ ಎಷ್ಟೋ ವಾಸನೆಯ ಅಣುಗಳಿರುವುದರಿಂದ ಅವಳ ಅನುಮಾನವೂ ನ್ಯಾಯವೇ.

ಈ ಪಾಠ ಮಾಡುವವರಿಗೆ ಒಂದೆರಡು ಸೂಚನೆ. ಯಾವುದೇ ಗೊರಟೆ, ಬೀಜವನ್ನು ಜಜ್ಜಿ ಮೂಸಿಸುವುದು ಬೇಡ. ಸೇಬಿನ ಬೀಜದಲ್ಲೂ ಅಮಿಗ್ಡಲಿನ್ ಇದೆ. ಅಂಗಡಿಯಲ್ಲಿ ಸಿಗುವ ಬಾದಾಮಿ ಎಸೆನ್ಸಿನ ಒಂದು ಹನಿಯನ್ನು ಡ್ರಾಯಿಂಗ್ ಹಾಳೆಯ ಪಟ್ಟಿಗೆ ಹಾಕಿ, ಹಿಂದಿನ ಬೆಂಚಿನಿಂದ ಮುಂದಕ್ಕೆ ಸಾಗಿಸಿದರೆ ಸಾಕು. ಪ್ರಯೋಗಾಲಯದಲ್ಲಿ ಬೆಂಜಾಲ್ಡಿಹೈಡ್‌ನ ಹಳೆಯ ಬಾಟಲಿ ಇದ್ದರೆ ಮುಚ್ಚಿದಂತೆಯೇ ಅದರ ಬಾಯಿಯ ಸುತ್ತ ನೋಡಲು ಹೇಳಿ. ಅಲ್ಲಿ ಬಿಳಿ ಹರಳು ಕಟ್ಟಿದ್ದರೆ ಅದು ಬೆಂಜೋಯಿಕ್ ಆಮ್ಲ: ಗಾಳಿಯ ಆಕ್ಸಿಜನ್ ಸೇರಿ ಆಲ್ಡಿಹೈಡ್ ಗುಂಪು ಕೋಷ್ಟಕದ ಇನ್ನೊಂದು ಸಾಲಿಗೆ, ಕಾರ್ಬಾಕ್ಸಿಲಿಕ್ ಆಮ್ಲಕ್ಕೆ, ಬದಲಾಗಿದೆ.